ಕಿಟಕಿಯ ಗುಣಮಟ್ಟ ಮತ್ತು ಬೆಟ್ಟದ ಕಾಡು

(ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಹಿಂಗಾರು ಮಳೆ ಹಿಡಿದ ದಿನಗಳಲ್ಲಿ ಈ ಸೀಮೆಯ ಹೊಸ ಮನೆಗಳಲ್ಲಿ ಒಂದು ತೊಂದರೆ ತಪ್ಪದೆ ಕಾಣಿಸಿಕೊಳ್ಳುತ್ತದೆ. ಕಿಟಕಿಯ ಕದ ಚೌಕಟ್ಟಿನೊಳಗೆ ಕೂರುವುದಿಲ್ಲ. ಬಡಗಿಯನ್ನು ಕರೆಸಿದರೆ ಆತ ತೋಪಡ ಹೊಡೆದು, ಅಂಚು ಸವೆಸಿ, ಕದವನ್ನು ಕೂರಿಸಿ ಹೋಗುತ್ತಾನೆ. ಚೈತ್ರ ವೈಶಾಖದ ಬಿಸಿಲು ಬಂದಾಗ ಅದೇ ಕದದ ಸುತ್ತ ಬೆರಳು ತೂರುವಷ್ಟು ಸಂದು ತೆರೆದುಕೊಂಡಿರುತ್ತದೆ. ಸಾಲ ಮಾಡಿ ಮನೆ ಕಟ್ಟಿಸಿದ ಯಜಮಾನ, ತೇಗವೆಂದು ನಂಬಿ ಹಣ ಕೊಟ್ಟೆನಲ್ಲ ಎಂದು ಪೇಚಾಡುತ್ತಾನೆ. ಆತನಿಗೆ ಮೋಸವಾಗಿರಬಹುದು, ಆಗದೆಯೂ ಇರಬಹುದು. ಮರ ಅಪ್ಪಟ ತೇಗವೇ ಆಗಿದ್ದರೂ ಹಸಿಯಾಗಿ ಕೊಯ್ದು ಕೂಡಿಸಿದ್ದರೆ ಇದೇ ಗತಿ. ಮರದ ಜಾತಿ ಯಾವುದು ಎಂದು ಆತ ಕೇಳಿದ್ದ. ಮರ ಎಷ್ಟು ಒಣಗಿದೆ ಎಂದು ಕೇಳಿರಲಿಲ್ಲ.

ಇದು ಒಂದು ಮನೆಯ ನಷ್ಟದಲ್ಲಿ ಮುಗಿಯುವ ಸಂಗತಿಯಲ್ಲ. ಇಪ್ಪತ್ತು ವರ್ಷ ಬಾಳಬೇಕಾದ ಕಿಟಕಿ ಹತ್ತೇ ವರ್ಷಕ್ಕೆ ಕೆಟ್ಟರೆ, ಅದೇ ಗೋಡೆಗೆ ಒಂದು ಮರದ ಬದಲು ಎರಡು ಮರ ಬೇಕಾಗುತ್ತದೆ. ಆ ಎರಡನೆಯ ಮರ ಎಲ್ಲಿಂದ ಬರಬೇಕು? ಯಳಂದೂರಿನ ಮಗ್ಗುಲಲ್ಲಿ ಬಿಳಿಗಿರಿರಂಗನ ಬೆಟ್ಟವಿದೆ. 2011ರಿಂದ ಅದು ಹುಲಿ ಸಂರಕ್ಷಿತ ಪ್ರದೇಶ. ಹನೂರಿನ ಬೆನ್ನಿಗೆ ಮಲೆ ಮಹದೇಶ್ವರ ಬೆಟ್ಟವಿದೆ. 2013ರಿಂದ ಅದು ವನ್ಯಜೀವಿ ಧಾಮ. ಅದಕ್ಕೆ ಹೊಂದಿಕೊಂಡು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿ ಧಾಮವಿದೆ. ಕಿಟಕಿಯ ಗುಣಮಟ್ಟದ ಮಾತು ಬಡಗಿಗೂ ಎಂಜಿನಿಯರಿಗೂ ಮಾತ್ರ ಸಂಬಂಧಿಸಿದ್ದು ಎಂದು ಈ ಸೀಮೆಯವರು ತಿಳಿಯುವಂತಿಲ್ಲ. ಅದು ಕಾಡಿನ ಮೇಲೆ ಬೀಳುವ ಭಾರದ ಮಾತೂ ಹೌದು.

ಮುದ್ರೆ ಏನನ್ನು ಸಾರುತ್ತದೆ?

ಕೊಳ್ಳೇಗಾಲದವರಿಗೆ ಗುಣಮಟ್ಟದ ಪರೀಕ್ಷೆ ಹೊಸದಲ್ಲ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕಾಗುತ್ತದೆ ಎಂಬ ಲೆಕ್ಕದ ಮೇಲೆಯೇ ಗೂಡಿನ ಬೆಲೆ ನಿಂತಿರುವುದನ್ನು ಇಲ್ಲಿನ ಹಿಪ್ಪುನೇರಳೆ ಬೆಳೆಗಾರರು ಬಲ್ಲರು. ಸೀರೆಯ ಅಂಗಡಿಗೆ ಬಂದರೆ, ಕೇಂದ್ರ ರೇಷ್ಮೆ ಮಂಡಳಿಯ ಪ್ರಯತ್ನದಿಂದ 2004ರಲ್ಲಿ ಬಳಕೆಗೆ ಬಂದ ಸಿಲ್ಕ್ ಮಾರ್ಕ್ ಇದೆ. ಆ ಮುದ್ರೆ, ಬಟ್ಟೆ ಶುದ್ಧ ರೇಷ್ಮೆಯದು ಎಂದಷ್ಟೇ ಸಾರುತ್ತದೆ. ಬಣ್ಣ ಬಿಡುವುದಿಲ್ಲವೆಂದಾಗಲಿ, ಸೆರಗಿನ ಜರಿ ಅಸಲಿಯೆಂದಾಗಲಿ ಅದು ಹೇಳುವುದಿಲ್ಲ. ಪ್ರತಿಯೊಂದು ಮುದ್ರೆಯೂ ಒಂದು ಪ್ರಶ್ನೆಗೆ ಉತ್ತರ. ಪ್ರಶ್ನೆ ಯಾವುದೆಂದು ತಿಳಿಯದವನಿಗೆ ಉತ್ತರ ಕೈಯಲ್ಲಿದ್ದರೂ ಪ್ರಯೋಜನವಿಲ್ಲ.

ಮರದ ಕಿಟಕಿಯ ವಿಷಯದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಇದು ಬಾಳುತ್ತದೆಯೇ ಎಂಬುದು ಒಂದು. ಇದರ ಮರ ಎಲ್ಲಿಂದ ಬಂತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರಿಸುವುದು ಭಾರತೀಯ ಮಾನಕ ಬ್ಯೂರೋದ ಮಾನಕಗಳು. 1947ರಲ್ಲಿ ಭಾರತೀಯ ಮಾನಕ ಸಂಸ್ಥೆ ಎಂಬ ಹೆಸರಿನಲ್ಲಿ ಹುಟ್ಟಿ, 1987ರಲ್ಲಿ ಬ್ಯೂರೋ ಆಗಿ ಮಾರ್ಪಟ್ಟ ಈ ಸಂಸ್ಥೆಯ ಮುದ್ರೆಯನ್ನು ಜನ ಇಂದಿಗೂ ಐಎಸ್‌ಐ ಎಂದೇ ಕರೆಯುತ್ತಾರೆ. ಮರದ ಕಿಟಕಿಯ ಕದಗಳಿಗೆ ಐಎಸ್ 1003ರ ಎರಡನೆಯ ಭಾಗ, ಚೌಕಟ್ಟಿಗೆ ಐಎಸ್ 4021, ಮರದಲ್ಲಿ ಉಳಿಯಬಹುದಾದ ತೇವಕ್ಕೆ ಐಎಸ್ 287, ಮರವನ್ನು ಹದಗೊಳಿಸುವ ಕ್ರಮಕ್ಕೆ ಐಎಸ್ 1141, ಹುಳು ಗೆದ್ದಲುಗಳಿಂದ ರಕ್ಷಿಸುವ ಕ್ರಮಕ್ಕೆ ಐಎಸ್ 401 ಹೀಗೆ ಒಂದೊಂದಕ್ಕೂ ಒಂದೊಂದು ಮಾನಕವಿದೆ.

ಕಾರ್ಖಾನೆಯಲ್ಲಿ ತಯಾರಾಗುವ ಪ್ಲೈವುಡ್ ಹಾಗೂ ಫ್ಲಶ್ ಬಾಗಿಲುಗಳ ವಿಷಯದಲ್ಲಿ ಕೇಂದ್ರ ಸರ್ಕಾರ 2023ರಲ್ಲಿ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿತು. ಆದರೆ ಊರಿನ ಬಡಗಿ ಗೋಡೆಯ ಅಳತೆ ಹಿಡಿದು ಮಾಡಿಕೊಡುವ ಕಿಟಕಿ ಯಾವ ಮುದ್ರೆಯೂ ಇಲ್ಲದೆ ಮನೆಗೆ ಬರುತ್ತದೆ. ಇದು ಬಡಗಿಯ ತಪ್ಪಲ್ಲ. ಪರವಾನಗಿ ಶುಲ್ಕ, ಪ್ರಯೋಗಾಲಯ, ದಾಖಲೆ ಪುಸ್ತಕ ಇವೆಲ್ಲ ಒಂಟಿ ಕುಶಲಕರ್ಮಿಯ ಅಳವಿಗೆ ಮೀರಿದವು. ಮುದ್ರೆ ಆತನಿಗೆ ದೂರ. ಮಾನಕದ ತಿರುಳು ದೂರವಲ್ಲ. ಬ್ಯೂರೋ ತನ್ನ ಮಾನಕಗಳನ್ನು ಈಗ ಅಂತರಜಾಲದಲ್ಲಿ ಉಚಿತವಾಗಿ ಓದಲು ಒದಗಿಸಿದೆ. ಅವು ಇಂಗ್ಲಿಷಿನಲ್ಲಿವೆ ಎಂಬುದು ನಿಜ. ಅವುಗಳ ಸಾರವನ್ನು ಕನ್ನಡದಲ್ಲಿ ಬಡಗಿಯ ಕೈಗೆ ತಲುಪಿಸುವುದು ಓದಿದ ಮಕ್ಕಳ ಕೆಲಸ.

ರಾಗಿಯಂತೆ ಮರ

ಕಣದಲ್ಲಿ ಒಣಗಿಸದೆ ರಾಗಿಯನ್ನು ಹಗೇವಿಗೆ ತುಂಬುವ ರೈತನಿಲ್ಲ. ಅದೇ ರೈತ ಕಿಟಕಿಗೆ ಹಸಿಮರವನ್ನು ಒಪ್ಪಿಕೊಳ್ಳುತ್ತಾನೆ. ರಾಗಿ ಕೆಟ್ಟರೆ ವಾಸನೆ ಬರುತ್ತದೆ. ಮರದ ತೇವ ಕಣ್ಣಿಗೂ ಮೂಗಿಗೂ ತಿಳಿಯದು.

ಮರದ ತೇವವನ್ನು ಲೆಕ್ಕ ಹಾಕುವ ರೀತಿ ಸರಳವಾದುದು. ಹಲಗೆಯ ತುದಿಯಿಂದಲ್ಲದೆ ನಡುವಿನಿಂದ ಒಂದು ಸಣ್ಣ ತುಂಡನ್ನು ಕತ್ತರಿಸಿ ತೂಗಬೇಕು. ನಂತರ ಸುಮಾರು 103 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ, ತೂಕ ಇನ್ನು ಇಳಿಯದು ಎನ್ನುವವರೆಗೆ ಒಣಗಿಸಿ ಮತ್ತೆ ತೂಗಬೇಕು. ಮೊದಲು 60 ಗ್ರಾಂ ಇದ್ದ ತುಂಡು ಒಣಗಿ 50 ಗ್ರಾಂ ಆದರೆ, ಹೋದ ನೀರು 10 ಗ್ರಾಂ. ಅದನ್ನು ಒಣತೂಕವಾದ 50ರಿಂದ ಭಾಗಿಸಿದರೆ ತೇವ ಶೇಕಡ 20. ಐಎಸ್ 287 ದೇಶವನ್ನು ಗಾಳಿಯ ಆರ್ದ್ರತೆಯ ಆಧಾರದ ಮೇಲೆ ನಾಲ್ಕು ವಲಯಗಳಾಗಿ ವಿಂಗಡಿಸಿ, ಬಾಗಿಲು ಕಿಟಕಿಯ ಮರದಲ್ಲಿ ಎಷ್ಟು ತೇವ ಇರಬಹುದೆಂದು ನಿಗದಿಪಡಿಸಿದೆ. 50 ಮಿಲಿಮೀಟರಿಗಿಂತ ತೆಳುವಾದ ಮರಕ್ಕೆ ವಲಯವನ್ನು ಅನುಸರಿಸಿ ಶೇಕಡ 8ರಿಂದ 14, ಅದಕ್ಕಿಂತ ದಪ್ಪದ ಮರಕ್ಕೆ ಶೇಕಡ 10ರಿಂದ 16. ಮೇಲಿನ ಲೆಕ್ಕದ ಶೇಕಡ 20 ತೇವದ ಮರ ದೇಶದ ಯಾವ ವಲಯದಲ್ಲಿಯೂ ಕಿಟಕಿಗೆ ಸಲ್ಲದು.

ಹೆಚ್ಚು ತೇವವಿದ್ದರೆ ಆಗುವ ಹಾನಿಯೇನು? ಹಸಿಮರದ ನೀರು ಎರಡು ಎಡೆಗಳಲ್ಲಿರುತ್ತದೆ: ಜೀವಕೋಶಗಳ ಒಳಗಿನ ಪೊಳ್ಳಿನಲ್ಲಿ ಮತ್ತು ಕೋಶದ ಗೋಡೆಯಲ್ಲಿ. ಪೊಳ್ಳಿನ ನೀರು ಹೋದಾಗ ಮರ ಹಗುರಾಗುತ್ತದೆಯೇ ಹೊರತು ಕುಗ್ಗುವುದಿಲ್ಲ. ತೇವ ಶೇಕಡ 30ರ ಆಸುಪಾಸಿಗೆ ಇಳಿದ ಮೇಲೆ ಗೋಡೆಯ ನೀರು ಹೋಗತೊಡಗುತ್ತದೆ. ಕುಗ್ಗುವಿಕೆ ಆರಂಭವಾಗುವುದು ಆಗ. ಮರ ಉದ್ದದಲ್ಲಿ ಕುಗ್ಗುವುದು ಅತ್ಯಲ್ಪ. ಅಗಲದಲ್ಲಿ, ಅದರಲ್ಲೂ ಬೆಳವಣಿಗೆಯ ಉಂಗುರದ ಸುತ್ತಿನ ದಿಕ್ಕಿನಲ್ಲಿ, ಕುಗ್ಗುವುದು ಹೆಚ್ಚು. ತೇವ ಶೇಕಡ 1ರಷ್ಟು ಇಳಿದಾಗ ಅಗಲ ಶೇಕಡ 0.2ರಷ್ಟು ಕುಗ್ಗುವ ಮರವನ್ನು ಉದಾಹರಣೆಗೆ ತೆಗೆದುಕೊಂಡರೆ, 300 ಮಿಲಿಮೀಟರ್ ಅಗಲದ ಹಲಗೆ ಶೇಕಡ 30ರಿಂದ 12ಕ್ಕೆ ಒಣಗುವಷ್ಟರಲ್ಲಿ ಸುಮಾರು 11 ಮಿಲಿಮೀಟರ್ ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಬೆರಳು ತೂರುವ ಸಂದಿನ ಗುಟ್ಟು ಇದೇ.

ಒಮ್ಮೆ ಒಣಗಿದ ಮರವೂ ನಿಶ್ಚಲವಾಗಿ ಇರುವುದಿಲ್ಲ. ಸುತ್ತಲಿನ ಗಾಳಿಯ ತೇವಕ್ಕೆ ತಕ್ಕಂತೆ ನೀರನ್ನು ಹೀರಿಯೂ ಬಿಟ್ಟೂ ಒಂದು ಸಮಸ್ಥಿತಿಗೆ ಬರುತ್ತದೆ. ಹನೂರಿನ ಬಯಲಿನ ಒಣಗಾಳಿಯಲ್ಲಿ ಕೂಡಿಸಿದ ಕಿಟಕಿಯನ್ನು ಬಿಳಿಗಿರಿರಂಗನ ಬೆಟ್ಟದ ಮಂಜಿನ ಊರಿಗೆ ಒಯ್ದರೆ ಅದು ಉಬ್ಬುತ್ತದೆ; ಬೆಟ್ಟದ ಮೇಲೆ ಮಾಡಿದ್ದನ್ನು ಬಯಲಿಗೆ ತಂದರೆ ಸಂದು ಬಿಡುತ್ತದೆ. ಆದ್ದರಿಂದ ಮರವನ್ನು ಯಾವ ಊರಿನ ಗೋಡೆಗೆ ಕೂರಿಸುವುದೋ ಆ ಊರಿನ ಗಾಳಿಯಲ್ಲಿಯೇ ಕೊನೆಯ ಕೆಲವು ವಾರ ಇರಿಸುವುದು ಯುಕ್ತ. ಪ್ರಯೋಗಾಲಯವಿಲ್ಲದ ಊರಿನಲ್ಲಿಯೂ ಒಂದು ಪರೀಕ್ಷೆ ಸಾಧ್ಯ: ಒಂದು ಹಲಗೆಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗುತ್ತಾ ಹೋಗುವುದು. ತೂಕ ಇಳಿಯುತ್ತಿರುವಷ್ಟು ಕಾಲ ಮರ ಒಣಗುತ್ತಿದೆ. ವಾರಗಳು ಕಳೆದರೂ ತೂಕ ಬದಲಾಗದೆ ನಿಂತಾಗ ಅದು ಆ ಊರಿನ ಗಾಳಿಗೆ ಹೊಂದಿಕೊಂಡಿದೆ ಎಂದರ್ಥ. ಮಳೆಗಾಲದಲ್ಲಿ ಮಾತ್ರ ಈ ಪರೀಕ್ಷೆಯನ್ನು ನೆಚ್ಚಬಾರದು.

ಒಣಗಿಸುವ ಕ್ರಮವೂ ದುಬಾರಿಯದಲ್ಲ. ಕೊಯ್ದ ಹಲಗೆಗಳನ್ನು ನೆಲದಿಂದ ಎತ್ತರದಲ್ಲಿ, ನೆರಳಿನ ಚಪ್ಪರದಡಿ, ಸಾಲುಗಳ ನಡುವೆ ಒಂದೇ ದಪ್ಪದ ಕಡ್ಡಿಪಟ್ಟಿಗಳನ್ನು ನೇರಕ್ಕೆ ನೇರವಾಗಿ ಇರಿಸಿ ಪೇರಿಸಬೇಕು. ಗಾಳಿ ಆಡಬೇಕು, ಬಿಸಿಲು ತಾಗಬಾರದು. ಹಲಗೆಯ ತುದಿಯಿಂದ ನೀರು ಬೇಗ ಹೋಗಿ ಸೀಳು ಬರುವುದರಿಂದ ತುದಿಗಳಿಗೆ ಬಣ್ಣವನ್ನೋ ಸಗಣಿ ಮಣ್ಣಿನ ಲೇಪವನ್ನೋ ಹಚ್ಚಬೇಕು. ಮೇಲೆ ಭಾರ ಹೇರಿದರೆ ಹಲಗೆ ಸೊಟ್ಟಗಾಗುವುದು ಕಡಿಮೆ. ದಪ್ಪ ಚೌಕಟ್ಟಿನ ಮರಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಇಲ್ಲಿ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಸಮಯ. ಮನೆಯ ಪಾಯ ತೋಡುವ ದಿನವೇ ಕಿಟಕಿಯ ಮರವನ್ನು ಕೊಯ್ಯಿಸಿ ಪೇರಿಸಿದರೆ, ಗೋಡೆ ಮೇಲೇಳುವಷ್ಟರಲ್ಲಿ ಅರ್ಧ ಕೆಲಸ ಆಗಿರುತ್ತದೆ.

ಚೇಗು ಮತ್ತು ಗೆದ್ದಲು

ಮರದ ಬಾಳಿಕೆಯನ್ನು ಕುರಿತ ಎರಡನೆಯ ಭ್ರಮೆ ಹೆಸರಿನದು. ತೇಗವೆಂದರೆ ಗೆದ್ದಲು ಮುಟ್ಟದು ಎಂಬ ಮಾತು ತೇಗದ ಚೇಗಿಗೆ ಮಾತ್ರ ಅನ್ವಯಿಸುತ್ತದೆ. ಚೇಗಿನ ಸುತ್ತ ಇರುವ ಬಿಳಿಯ ಭಾಗ, ತೇಗದ್ದಾದರೂ ಬೀಟೆಯದಾದರೂ, ಹುಳುವಿಗೆ ಆಹಾರವೇ. ಎಳೆಯ ಮರವನ್ನು ಕಡಿದಾಗ ಬಿಳಿಯ ಭಾಗ ಹೆಚ್ಚು, ಚೇಗು ಕಡಿಮೆ.

ಬಾಳಿಕೆಯನ್ನು ಅಳೆಯಲು ವಿಜ್ಞಾನಿಗಳು ಅನುಸರಿಸುವ ಒಂದು ವಿಧಾನಕ್ಕೆ ಸ್ಮಶಾನ ಪರೀಕ್ಷೆ ಎಂದೇ ಹೆಸರು. ಚೇಗಿನ ಗೂಟಗಳನ್ನು ಅರ್ಧದಷ್ಟು ಮಣ್ಣಿನಲ್ಲಿ ಹೂತು, ಗೆದ್ದಲಿಗೂ ಶಿಲೀಂಧ್ರಕ್ಕೂ ಬಿಟ್ಟು, ಎಷ್ಟು ಕಾಲ ಉಳಿಯುತ್ತವೆಂದು ನೋಡಲಾಗುತ್ತದೆ. ಸರಾಸರಿ 120 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಬಾಳಿದವು ಮೊದಲ ವರ್ಗ, 60ರಿಂದ 120 ತಿಂಗಳು ಬಾಳಿದವು ಎರಡನೆಯದು, 60 ತಿಂಗಳೂ ಬಾಳದವು ಮೂರನೆಯದು. ಮೂರನೆಯ ವರ್ಗದ ಮರ ನಿಷ್ಪ್ರಯೋಜಕವೆಂದು ಇದರ ಅರ್ಥವಲ್ಲ. ಅದಕ್ಕೆ ರಕ್ಷಣೆ ಬೇಕು ಎಂದಷ್ಟೇ ಅರ್ಥ. ಕಾಫಿ ತೋಟದ ನೆರಳಿಗೆ ಬೆಳೆಸುವ ಸಿಲ್ವರ್ ಓಕ್, ಹೊಲದ ಬದುವಿನಲ್ಲಿ ಬೇಗ ಬೆಳೆಯುವ ಹೆಬ್ಬೇವು ಇಂಥವಕ್ಕೆ ಸಂಸ್ಕರಣೆಯಿಲ್ಲದೆ ಕಿಟಕಿಯ ಕೆಲಸ ಒಪ್ಪಿಸಬಾರದು.

ಸಂಸ್ಕರಣೆಯ ಚರಿತ್ರೆಯಲ್ಲಿ ಭಾರತದ ಪಾತ್ರ ದೊಡ್ಡದು. ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳನ್ನು ಬೆರೆಸಿದ ದ್ರಾವಣವನ್ನು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ 1933ರಲ್ಲಿ ರೂಪಿಸಿದರು. ಅದು ಜಗತ್ತಿನಾದ್ಯಂತ ಹಬ್ಬಿತು. ಆರ್ಸೆನಿಕ್ ವಿಷವಾದ್ದರಿಂದ ಅಮೆರಿಕದಲ್ಲಿ 2003ರ ಕೊನೆಯ ಹೊತ್ತಿಗೆ ವಾಸದ ಮನೆಗಳ ಬಹುತೇಕ ಬಳಕೆಗಳಿಂದ ಅದನ್ನು ಹಿಂತೆಗೆದುಕೊಂಡರು. ಮಕ್ಕಳು ಮುಟ್ಟುವ ಕಿಟಕಿಗೆ ಬೋರಿಕ್ ಆಮ್ಲ ಮತ್ತು ಬೊರಾಕ್ಸನ್ನು ಸುಮಾರು 1:1.5ರ ಪ್ರಮಾಣದಲ್ಲಿ ಕರಗಿಸಿದ ದ್ರಾವಣ ಹೆಚ್ಚು ಸೂಕ್ತ. ಮಳೆನೀರಿಗೆ ಅದು ತೊಳೆದುಹೋಗುತ್ತದೆ. ಆದ್ದರಿಂದ ಮೇಲೆ ಬಣ್ಣ ಅಥವಾ ವಾರ್ನಿಷ್ ಕಡ್ಡಾಯ, ಕಿಟಕಿಯ ಮೇಲೊಂದು ಸಜ್ಜೆಯೂ ಅವಶ್ಯ. ಸಂಸ್ಕರಿಸಿದ ಮರದ ಚೂರನ್ನು ಒಲೆಗೆ ಹಾಕಬಾರದೆಂಬ ಎಚ್ಚರವೂ ಇರಬೇಕು.

ಅದೇ ಡೆಹ್ರಾಡೂನ್ ಸಂಸ್ಥೆ ತೇಗವನ್ನು 100 ಎಂದಿಟ್ಟುಕೊಂಡು ಇತರ ಭಾರತೀಯ ಮರಗಳ ಬಲ, ಗಡಸು, ಆಕಾರ ಕಾಯ್ದುಕೊಳ್ಳುವ ಗುಣಗಳನ್ನು ಹೋಲಿಸಿ ಅಂಕ ನೀಡಿದೆ. ಬಾಗಿಲು ಕಿಟಕಿಗೆ ತಕ್ಕ ಮರಗಳ ವರ್ಗೀಕರಣಕ್ಕೆಂದೇ ಐಎಸ್ 12896 ಎಂಬ ಮಾನಕ 1990ರಲ್ಲಿ ಬಂದಿದೆ. ತೇಗವೊಂದೇ ಕಿಟಕಿಯ ಮರವೆಂಬ ಹಠಕ್ಕೆ ವಿಜ್ಞಾನದ ಬೆಂಬಲವಿಲ್ಲ. ಚೆನ್ನಾಗಿ ಬಲಿತ ಹಲಸಿನ ಚೇಗು, ಹದವಾಗಿ ಒಣಗಿದ ಬೇವು ಕೂಡ ಗೌರವದಿಂದ ಬಾಳುತ್ತವೆ.

ಗಾಳಿ, ನೀರು, ಜೋಡಣೆ

ಐರೋಪ್ಯ ದೇಶಗಳಲ್ಲಿ 2006ರಲ್ಲಿ ಬಂದ ಕಿಟಕಿ ಮಾನಕ, ಸಿದ್ಧವಾದ ಇಡೀ ಕಿಟಕಿಯನ್ನೇ ಪರೀಕ್ಷೆಗೆ ಒಡ್ಡುತ್ತದೆ. ಮುಚ್ಚಿದ ಕದದ ಸಂದಿನಿಂದ ಎಷ್ಟು ಗಾಳಿ ನುಸುಳುತ್ತದೆ, ನೀರು ಎರಚಿದಾಗ ಎಷ್ಟು ಒತ್ತಡದವರೆಗೆ ಒಳಗೆ ಬಾರದು, ಬಿರುಗಾಳಿಯ ಒತ್ತಡಕ್ಕೆ ಎಷ್ಟು ಬಾಗುತ್ತದೆ ಎಂಬವು ಅಲ್ಲಿನ ಮುಖ್ಯ ಪ್ರಶ್ನೆಗಳು. ಚಳಿದೇಶದ ಆ ಅಂಕಿಗಳು ಕೊಳ್ಳೇಗಾಲಕ್ಕೆ ಬೇಕಿಲ್ಲ. ಪ್ರಶ್ನೆಗಳು ಬೇಕು. ಹೊಸ ಕಿಟಕಿಯನ್ನು ಒಪ್ಪಿಕೊಳ್ಳುವ ಮುನ್ನ ಹೊರಗಿನಿಂದ ಎರಡು ಬಿಂದಿಗೆ ನೀರು ಎರಚಿ ಒಳಗೆ ನೋಡುವುದಕ್ಕೆ ಯಾವ ಯಂತ್ರ ಬೇಕು? ಮುಚ್ಚಿದ ಕದದ ಸಂದಿಗೆ ಊದುಬತ್ತಿ ಹಿಡಿದರೆ ಹೊಗೆ ಯಾವ ಮೂಲೆಯಲ್ಲಿ ಅಲುಗುತ್ತದೆ ಎಂಬುದೇ ಜೋಡಣೆಯ ದೋಷವನ್ನು ತೋರಿಸುತ್ತದೆ. ಚೌಕಟ್ಟಿನ ಎರಡು ಕರ್ಣಗಳನ್ನು ದಾರ ಹಿಡಿದು ಅಳೆದರೆ, ಅವು ಸಮವಿಲ್ಲದಾಗ ಮೂಲೆ ಓರೆಯಾಗಿದೆ ಎಂದು ಮಗುವಿಗೂ ತಿಳಿಯುತ್ತದೆ. ಮೂಲೆಗಳಲ್ಲಿ ಬರಿಯ ಮೊಳೆ ಹೊಡೆದಿರಬಾರದು. ಒಂದರಲ್ಲಿ ಕೊರೆದ ತೂತಿಗೆ ಇನ್ನೊಂದರ ತುದಿಯಲ್ಲಿ ಕೆತ್ತಿದ ನಾಲಗೆ ಬಿಗಿಯಾಗಿ ಕೂತಿರಬೇಕು.

ಮರ ಎಲ್ಲಿಂದ ಬಂತು?

ಇನ್ನು ಎರಡನೆಯ ಪ್ರಶ್ನೆ. ಕಳವಿನ ಮರದಿಂದಲೂ ಐಎಸ್ ಮಾನಕಕ್ಕೆ ಸರಿಹೊಂದುವ ಸೊಗಸಾದ ಕಿಟಕಿಯನ್ನು ಮಾಡಬಹುದು. ತೇವ, ಜೋಡಣೆಗಳ ಪರೀಕ್ಷೆ ಕಾಡಿನ ಬುಡವನ್ನು ನೋಡುವುದಿಲ್ಲ. ಇದಕ್ಕಾಗಿಯೇ ಜಗತ್ತಿನಲ್ಲಿ ಬೇರೆ ಬಗೆಯ ಪ್ರಮಾಣೀಕರಣ ಹುಟ್ಟಿತು. 1993ರಲ್ಲಿ ಸ್ಥಾಪನೆಯಾದ ಫಾರೆಸ್ಟ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ ಕಾಡಿನ ನಿರ್ವಹಣೆಯನ್ನೂ, ಅಲ್ಲಿಂದ ಅಂಗಡಿಯವರೆಗೆ ಮರ ಕೈಬದಲಾಗುವ ಸರಪಳಿಯನ್ನೂ ಪರಿಶೀಲಿಸಿ ಮುದ್ರೆ ಕೊಡುತ್ತದೆ. ಭಾರತ ಸರ್ಕಾರವೂ 2023ರ ಡಿಸೆಂಬರಿನಲ್ಲಿ ಭಾರತೀಯ ಅರಣ್ಯ ಮತ್ತು ಮರ ಪ್ರಮಾಣೀಕರಣ ಯೋಜನೆಯನ್ನು ಆರಂಭಿಸಿತು. ಕಾಡಿನ ಹೊರಗೆ, ಅಂದರೆ ಹೊಲ ತೋಟಗಳಲ್ಲಿ ಬೆಳೆದ ಮರಗಳಿಗೂ ಅದರಲ್ಲಿ ಪ್ರತ್ಯೇಕ ಮಾನಕವಿರುವುದು ರೈತರು ಗಮನಿಸಬೇಕಾದ ಅಂಶ. ಈ ಮುದ್ರೆಗಳು ಮರದ ಮೂಲವನ್ನು ಹೇಳುತ್ತವೆ. ಅದು ಒಣಗಿದೆಯೇ ಎಂದು ಹೇಳುವುದಿಲ್ಲ. ಒಂದರ ಕೆಲಸವನ್ನು ಇನ್ನೊಂದು ಮಾಡದು.

ಈ ಸೀಮೆಯಲ್ಲಿ ಮರದ ಮೂಲ ಹೊಲವೇ ಆಗಬೇಕು. 2006ರ ಅರಣ್ಯ ಹಕ್ಕು ಕಾಯಿದೆಯ ಅಡಿಯಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ 2011ರಲ್ಲಿ ಸಮುದಾಯ ಹಕ್ಕು ದೊರೆತದ್ದು ಹೆಮ್ಮೆಯ ಸಂಗತಿ. ಆ ಹಕ್ಕು ಜೇನು, ನೆಲ್ಲಿ, ಸೀಗೆಯಂಥ ಕಿರು ಅರಣ್ಯ ಉತ್ಪನ್ನಗಳಿಗೆ ಸಂಬಂಧಿಸಿದ್ದು. ಮರಮುಟ್ಟು ಅದರಲ್ಲಿ ಸೇರಿಲ್ಲ. ಕಾಡಿನಲ್ಲಿ ಕಡಿಯುವುದರ ಮೇಲೂ ಸಾಮಿಲ್ಲುಗಳ ಮೇಲೂ ಸರ್ವೋಚ್ಚ ನ್ಯಾಯಾಲಯ 1996ರ ಡಿಸೆಂಬರಿನಲ್ಲಿಯೇ ಬಿಗಿ ಹಿಡಿದಿದೆ. ಸ್ವಂತ ಜಮೀನಿನ ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಅನುಮತಿ ಬೇಕು. ಸಿಲ್ವರ್ ಓಕ್, ಸರ್ವೆ, ನೀಲಗಿರಿಯಂಥ ಕೆಲವು ಮರಗಳಿಗೆ ವಿನಾಯಿತಿ ಇದೆ. ಕಡಿಯುವ ಅನುಮತಿ ಪತ್ರ, ಸಾಗಿಸಲು ಬೇಕಾಗುವ ಕಡೆ ರಹದಾರಿ, ಸಾಮಿಲ್ಲಿನ ರಸೀದಿ: ಈ ಮೂರು ಕಾಗದಗಳೇ ಹಳ್ಳಿಯ ಮಟ್ಟದಲ್ಲಿ ಮೂಲದ ಪ್ರಮಾಣಪತ್ರ. ಅಗ್ಗದ ಬೆಲೆಗೆ ರಾತ್ರಿ ಬಂದಿಳಿಯುವ ಮರಕ್ಕೆ ಈ ಕಾಗದಗಳು ಇರುವುದಿಲ್ಲ. ಅಂಥ ಮರ ಹಸಿಯಾಗಿಯೂ ಇರುತ್ತದೆ, ಏಕೆಂದರೆ ಕದ್ದವನಿಗೆ ಒಣಗಿಸಿ ಕೂರುವ ವ್ಯವಧಾನವಿಲ್ಲ. ಹೀಗೆ ಕೆಟ್ಟ ಕಿಟಕಿಯೂ ಕೆಟ್ಟ ಮೂಲವೂ ಆಗಾಗ ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ.

ಮರದ ತಂಟೆಯೇ ಬೇಡ, ಅಲ್ಯೂಮಿನಿಯಂ ಕಿಟಕಿ ಹಾಕಿಸೋಣ ಎನ್ನುವವರಿದ್ದಾರೆ. ಒಂದು ಕಿಲೋ ಹೊಸ ಅಲ್ಯೂಮಿನಿಯಂ ತಯಾರಿಸಲು ಸುಮಾರು 14 ಯೂನಿಟ್ ವಿದ್ಯುತ್ತು ಬೇಕು. ಒಣಮರದ ತೂಕದಲ್ಲಿ ಅರ್ಧದಷ್ಟು, ಗಿಡ ಗಾಳಿಯಿಂದ ಹೀರಿಕೊಂಡ ಇಂಗಾಲ. ಬದುವಿನ ಮರದ ಕಿಟಕಿ ಗೋಡೆಯಲ್ಲಿ ಇರುವಷ್ಟು ಕಾಲ ಆ ಇಂಗಾಲ ಅಲ್ಲೇ ಇರುತ್ತದೆ. ಈ ಲಾಭ ದಕ್ಕುವುದು ಕಿಟಕಿ ಬಾಳಿದರೆ ಮಾತ್ರ.

ಊರಿನಲ್ಲಿಯೇ ಆಗಬೇಕಾದದ್ದು

ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗ ಕುಶಲಕರ್ಮಿಗಳು ಕಾಡನ್ನು ಮುತ್ತಿದ ಲಂಟಾನವನ್ನು ಕಡಿದು, ಬೇಯಿಸಿ, ಸಿಪ್ಪೆ ಸುಲಿದು ಕುರ್ಚಿ ಮೇಜುಗಳನ್ನು ಹೆಣೆಯುತ್ತಾರೆ. ಅಶೋಕ ಪರಿಸರ ಸಂಶೋಧನಾ ಸಂಸ್ಥೆ, ಅಂದರೆ ಏಟ್ರಿ, ಈ ಕೆಲಸಕ್ಕೆ ಜೊತೆ ನೀಡಿದೆ. ಬೇಯಿಸಿ ಸಿಪ್ಪೆ ತೆಗೆಯುವ ಆ ಶಿಸ್ತೇ ಕಳೆಯ ಗಿಡವನ್ನು ಬಾಳುವ ಪೀಠೋಪಕರಣವಾಗಿಸಿತು. ಹೊಲದ ಬದುವಿನ ಮರಕ್ಕೂ ಅಂಥದೇ ಶಿಸ್ತು ಬೇಕಾಗಿದೆ.

ಕಿಟಕಿ ಮಾಡಿಸುವ ಪ್ರತಿಯೊಬ್ಬರೂ ಬಡಗಿಯೊಡನೆ ಒಂದು ಚೀಟಿಯಲ್ಲಿ ಆರು ಸಾಲು ಬರೆದುಕೊಳ್ಳಲಿ: ಮರ ಯಾವುದು, ಯಾರ ಹೊಲದ್ದು, ಕೊಯ್ದ ದಿನಾಂಕ ಯಾವುದು, ಕೂಡಿಸುವ ದಿನ ತೇವ ಅಥವಾ ತೂಕ ಎಷ್ಟು, ಬಿಳಿಯ ಭಾಗವನ್ನು ತೆಗೆದಿದೆಯೇ, ಇಲ್ಲವೇ ಸಂಸ್ಕರಿಸಿದೆಯೇ, ಒಂದು ಮಳೆಗಾಲ ಒಂದು ಬೇಸಿಗೆ ಕಳೆದ ಮೇಲೆ ದುರಸ್ತಿ ಯಾರದು. ಈ ಚೀಟಿ ಪ್ರಾಮಾಣಿಕ ಬಡಗಿಗೆ ರಕ್ಷಣೆ. ಇಂದು ಆತ ಒಣಮರಕ್ಕೆ ಹೆಚ್ಚು ಬೆಲೆ ಕೇಳಿದರೆ, ಹಸಿಮರ ಕೊಡುವವನು ಕೆಲಸವನ್ನು ಕಸಿದುಕೊಳ್ಳುತ್ತಾನೆ. ಕೊಳ್ಳುವವರು ತೇವವನ್ನು ಕೇಳತೊಡಗಿದ ದಿನ ಈ ಅನ್ಯಾಯ ನಿಲ್ಲುತ್ತದೆ.

ಕಾರ್ಖಾನೆಯ ಬಾಗಿಲನ್ನೋ ಪ್ಲೈವುಡ್ಡನ್ನೋ ಕೊಳ್ಳುವಾಗ ಐಎಸ್‌ಐ ಮುದ್ರೆಯ ಮೇಲಿರುವ ಮಾನಕದ ಸಂಖ್ಯೆಯನ್ನೂ ಕೆಳಗಿರುವ ಸಿಎಂ/ಎಲ್ ಪರವಾನಗಿ ಸಂಖ್ಯೆಯನ್ನೂ ಓದಬೇಕು. ಬ್ಯೂರೋದ ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಆ ಸಂಖ್ಯೆ ಅಸಲಿಯೇ ಎಂದು ತಿಳಿಯಬಹುದು. ಶಾಲೆ, ಅಂಗನವಾಡಿ, ಪಂಚಾಯಿತಿ ಕಟ್ಟಡಗಳ ಅಂದಾಜು ಪಟ್ಟಿಯಲ್ಲಿ ಕಿಟಕಿಗೆ ಯಾವ ಮರ, ಯಾವ ಮಾನಕ ಎಂದು ಬರೆದಿದೆಯೆಂಬುದನ್ನು 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಯಾವ ನಾಗರಿಕನಾದರೂ ಕೇಳಬಹುದು. ಹಣ ಪಾವತಿಯಾದ ಮೇಲೆ ಕೇಳುವುದಕ್ಕಿಂತ ಚೌಕಟ್ಟು ಕೂರುವ ಮುನ್ನ ಕೇಳುವುದು ಮೇಲು.

ವಿದ್ಯಾರ್ಥಿಗಳಿಗೆ ಇಲ್ಲೊಂದು ಕೆಲಸ ಕಾದಿದೆ. ಶಾಲೆಯ ಕಿಟಕಿಯೊಂದರ ಸಂದನ್ನು ಪ್ರತಿ ತಿಂಗಳು ಒಂದೇ ಜಾಗದಲ್ಲಿ ಅಳೆದು ಬರೆದಿಡಿ. ಬದಿಯಲ್ಲಿ ಆ ತಿಂಗಳ ಮಳೆಯನ್ನೂ ಬರೆಯಿರಿ. ಹನೂರಿನ ಶಾಲೆಯ ಪಟ್ಟಿಯನ್ನು ಬಿಳಿಗಿರಿಯ ಶಾಲೆಯ ಪಟ್ಟಿಯೊಡನೆ ಹೋಲಿಸಿ. ಒಂದು ವರ್ಷ ಕಳೆದಾಗ, ಈ ಮೂರು ತಾಲ್ಲೂಕುಗಳ ಗಾಳಿಗೆ ಮರ ಎಷ್ಟು ಒಣಗಿರಬೇಕೆಂಬುದನ್ನು ಇಲ್ಲಿನ ಬಡಗಿಗೆ ಇಲ್ಲಿನದೇ ಅಂಕಿಗಳಿಂದ ತೋರಿಸಬಹುದು. ಮುಂದಿನ ಹಿಂಗಾರಿನಲ್ಲಿ ಆ ಊರಿನ ಹೊಸ ಕಿಟಕಿ ತೋಪಡದ ನೆರವಿಲ್ಲದೆ ಮುಚ್ಚಿಕೊಂಡರೆ, ಬೆಟ್ಟದಲ್ಲಿ ಒಂದು ಮರ ನಿಂತಲ್ಲೇ ನಿಂತಿದೆ ಎಂದು ತಿಳಿಯಬಹುದು.